ಗರುಡನಿಗೆ ಕೈಮುಗಿದರೆ ಸಾಲದು

ಧರ್ಮಸ್ಥಳದ ನೇತ್ರಾವತಿಯ ಮೇಲೆ ಬಿಳಿ ಎದೆ, ಕಾವಿಗೆಂಪು ರೆಕ್ಕೆಯ ಗರುಡ ಸುತ್ತಿದರೆ ಕೈಮುಗಿಯುತ್ತೇವೆ. ಅಂಗಳಕ್ಕೆ ಬೇರೊಂದು ಗಿಡುಗ ಎರಗಿದರೆ ಕಲ್ಲೆತ್ತುತ್ತೇವೆ. ಈ ಭೇದ ಸರಿಯಲ್ಲ. ಗರುಡ ಮೀನು, ಏಡಿಯ ಜತೆಗೆ ಸತ್ತದ್ದನ್ನೂ ತಿಂದು ಹೊಳೆದಂಡೆಯನ್ನು ಚೊಕ್ಕಟ ಮಾಡುತ್ತದೆ. ಕಾಡಂಚಿನ ಜುಟ್ಟಿನ ಗಿಡುಗ ಹಾವು ಹಿಡಿಯುತ್ತದೆ, ಗೂಬೆ ಗದ್ದೆಯ ಇಲಿ. ಕೋಳಿಮರಿ ಒಯ್ಯುವುದಿಲ್ಲವೇ ಎಂದು ಕೇಳಬಹುದು. ಒಯ್ಯುತ್ತವೆ, ನಿಜ. ಮರಿಗೆ ಬುಟ್ಟಿ ಕವುಚಿದರೆ ಆ ನಷ್ಟ ತಪ್ಪುತ್ತದೆ. ಹಕ್ಕಿಯೇ ಹೋದರೆ ತುಂಬಿಕೊಳ್ಳುವುದು ಕಷ್ಟ. ರಣಹದ್ದುಗಳನ್ನೇ ನೋಡಿ: ದನಗಳಿಗೆ ಕೊಟ್ಟ ಡೈಕ್ಲೋಫೆನಾಕ್ ಎಂಬ ನೋವಿನ ಮದ್ದು ಸತ್ತ ದನದ ಮಾಂಸದಿಂದ ಅವುಗಳ ಮೂತ್ರಪಿಂಡ ಕೆಡಿಸಿತು. 2006ರಲ್ಲಿ ನಿಷೇಧ ಬರುವಷ್ಟರಲ್ಲಿ ಮೂರು ಜಾತಿಗಳ ಬಹುಪಾಲು ಹಕ್ಕಿಗಳು ಸತ್ತಾಗಿತ್ತು. ಇಲಿಪಾಷಾಣದ ದಾರಿಯೂ ಅದೇ. ತೋಟದಲ್ಲಿ ಅದನ್ನು ಇಡಲೇಬೇಕಾದರೆ, ಸತ್ತ ಇಲಿಗಳನ್ನು ಹುಡುಕಿ ಹೂತುಬಿಡಿ.