ಬಟಾಣಿ ಗಿಡವೂ ಅಕ್ಕನ ಮಗಳೂ
(ಸಾರಥಿಯಲ್ಲಿ ಹಾಸ್ಟೆಲ್ ಹುಡುಗರ ಮುಂದೆ ಆಡಿದ ಮಾತು)



ಸಾರಥಿಯಲ್ಲಾಗಲಿ ಹರಿಹರದಲ್ಲಾಗಲಿ, ಮನೆಯಲ್ಲಿ ಕಿವುಡು ಮಗು ಹುಟ್ಟಿದರೆ ಮೊದಲು ಬರೋ ಮಾತು 'ಹಿಂದಿನ ಜನ್ಮದ ಕರ್ಮ'. ಎರಡನೇದು ಹೆತ್ತವಳ ಮೇಲೆ. ಇದೇ ಕರ್ಮದ ಕತೆ ಹೇಳಿ ನಮ್ಮನ್ನು ಊರ ಹೊರಗಿಟ್ಟರು. ಹಾಗಾಗಿ ನಮಗಿದು ಬರೀ ವಿಜ್ಞಾನದ ಪಾಠವಲ್ಲ.

ಮೆಂಡೆಲ್ ಎಂಬ ಪಾದ್ರಿ ಮಠದ ತೋಟದಲ್ಲಿ ಬಟಾಣಿ ಬೆಳೆದು 1866ರಲ್ಲಿ ಅದರ ಲೆಕ್ಕ ಅಚ್ಚು ಹಾಕಿಸಿದ. ಎತ್ತರದ ಗಿಡವನ್ನೂ ಗಿಡ್ಡ ಗಿಡವನ್ನೂ ಕೂಡಿಸಿದಾಗ ಮೊದಲ ಪೀಳಿಗೆಯೆಲ್ಲ ಎತ್ತರ. ಅದರ ಬೀಜ ಬಿತ್ತಿದರೆ ನಾಲ್ಕಕ್ಕೆ ಒಂದರಂತೆ ಗಿಡ್ಡ ಮತ್ತೆ ಬಂತು. ಗಿಡ್ಡತನ ಸತ್ತಿರಲಿಲ್ಲ, ಅಡಗಿತ್ತು.

ಕೆಲವು ಹುಟ್ಟುಗಿವುಡೂ ಹೀಗೇ. ತಾಯಿಯಿಂದೊಂದು, ತಂದೆಯಿಂದೊಂದು ವಂಶವಾಹಿ. ಒಂದು ಮಾತ್ರ ಕೆಟ್ಟಿದ್ದರೆ ಕಿವಿ ಚೆನ್ನಾಗೇ ಕೇಳುತ್ತೆ. ಅಂಥ ಇಬ್ಬರು ಮದುವೆಯಾದರೆ ಪ್ರತಿ ಮಗುವಿಗೂ ನಾಲ್ಕರಲ್ಲೊಂದು ಪಾಲು ಅಪಾಯ. ಮೂರು ಮಕ್ಕಳು ಚೆನ್ನಾಗಿದ್ದರೆ ನಾಲ್ಕನೇದು ಕಿವುಡೇ ಅಂತಲ್ಲ, ಪ್ರತಿ ಸಲವೂ ಚೀಟಿ ಹೊಸದಾಗಿ ಎತ್ತಬೇಕು.

ನಮ್ಮ ಕಡೆ ಅಕ್ಕನ ಮಗಳನ್ನು ತರೋ ರೂಢಿ ಇದೆಯಲ್ಲ. ಸೋದರಮಾವನಿಗೂ ಅವಳಿಗೂ ವಂಶವಾಹಿಗಳಲ್ಲಿ ಸುಮಾರು ಕಾಲುಪಾಲು ಒಂದೇ. ಅಡಗಿದ್ದಕ್ಕೆ ಅಡಗಿದ್ದು ಸಿಗೋದು ಅಲ್ಲಿ ಸಲೀಸು. ಅಂಥ ಮದುವೆಯಲ್ಲೂ ಹೆಚ್ಚಿನ ಮಕ್ಕಳು ಆರೋಗ್ಯವಾಗೇ ಹುಟ್ಟುತ್ತಾರೆ, ಸುಳ್ಳು ಹೆದರಿಸೋದು ಬೇಡ. ಆದರೆ ಇಂಥ ದೋಷ ಬಂದರೆ ಇಬ್ಬರಿಂದಲೂ ಬಂದದ್ದು, ತಾಯಿಯೊಬ್ಬಳಿಂದಲ್ಲ.

ಜಾತಿಯ ಬೇರು ಒಳಮದುವೆಯಲ್ಲಿದೆ ಎಂದು ಬಾಬಾಸಾಹೇಬರು 1916ರಲ್ಲೇ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಿದ ಪ್ರಬಂಧದಲ್ಲಿ ತೋರಿಸಿದರು. ಹೊಲ ಹೊರಗೆ ಹೋಗಬಾರದು ಅಂತ ಉಳ್ಳವರು ಸಂಬಂಧದೊಳಗೇ ಹೆಣ್ಣು ತರುತ್ತಾರೆ. ಹೊಲವೇ ಇಲ್ಲದ ನಾವು ಯಾವುದನ್ನು ಉಳಿಸೋಕೆ ತರ್ತೀವಿ? ರಜೆಗೆ ಊರಿಗೆ ಹೋದಾಗ, 'ಅಕ್ಕನ ಮಗಳು ನಿನಗೇ' ಅಂತ ಅವ್ವ ಅಂದರೆ, ಈ ಬಟಾಣಿ ಲೆಕ್ಕ ಅವಳಿಗೂ ಹೇಳಿ. ಆ ಹುಡುಗಿ ಇನ್ನೂ ಓದ್ತಿದ್ದಾಳೆ ಅನ್ನೋದನ್ನೂ ಹೇಳಿ.