ಅಲುಗುವುದನ್ನು ಆರಿಸುವ ಕಣ್ಣು



ನಮ್ಮ ಅಜ್ಜಿಯ ಮನೆ ಚನ್ನಪಟ್ಟಣಕ್ಕೆ ಸಮೀಪದ ಒಂದು ಹಳ್ಳಿಯಲ್ಲಿತ್ತು. ಹಿತ್ತಿಲಲ್ಲಿ ಮರಿಗಳೊಡನೆ ಕೆದಕುತ್ತಿದ್ದ ಹೇಂಟೆ ಇದ್ದಕ್ಕಿದ್ದಂತೆ ಕತ್ತನ್ನು ಓರೆ ಮಾಡಿ, ಒಂದು ಕಣ್ಣಿನಿಂದ ಆಕಾಶವನ್ನು ನೋಡಿ, ಒಂದು ವಿಚಿತ್ರವಾದ ದನಿ ತೆಗೆಯುತ್ತಿತ್ತು. ಮರುಕ್ಷಣವೇ ಮರಿಗಳೆಲ್ಲ ಅದರ ರೆಕ್ಕೆಯ ಅಡಿ ಸೇರುತ್ತಿದ್ದವು. ನಾನು ಬಹಳ ಹೊತ್ತು ಹುಡುಕಿದ ಮೇಲೆ ಮುಗಿಲಿನ ಅಂಚಿನಲ್ಲಿ ಹದ್ದಿನ ಒಂದು ಚುಕ್ಕೆ ಕಾಣಿಸುತ್ತಿತ್ತು. "ಕೋಳಿಗೆ ಕಂಡದ್ದು ನಿನಗೆ ಕಾಣಲಿಲ್ಲವಲ್ಲೋ" ಎಂದು ಅಜ್ಜಿ ನಗುತ್ತಿದ್ದರು.

ತೆಂಗಿನ ಗರಿ ಅಲುಗುತ್ತಿತ್ತು. ಹಗ್ಗದ ಮೇಲೆ ಒಣಹಾಕಿದ ಸೀರೆ ಹಾರಾಡುತ್ತಿತ್ತು. ಅವುಗಳಿಗೆ ಹೇಂಟೆ ಬೆದರಲಿಲ್ಲ. ಇಷ್ಟೆಲ್ಲ ಅಲುಗಾಟದ ನಡುವೆ ಆ ಒಂದು ಚುಕ್ಕೆಯನ್ನು ಮಾತ್ರ ಅದು ಆರಿಸಿಕೊಂಡದ್ದು ಹೇಗೆ? ಆ ಪ್ರಶ್ನೆ ನನ್ನೊಡನೆಯೇ ಬೆಳೆಯಿತು.

ಉತ್ತರದ ಮೊದಲ ಎಳೆ ದೊರೆತದ್ದು ಕಪ್ಪೆಯಿಂದ. 1959ರಲ್ಲಿ ಅಮೆರಿಕದ ಲೆಟ್‌ವಿನ್ ಮತ್ತು ಅವರ ಸಂಗಡಿಗರು ಕಪ್ಪೆಯ ಕಣ್ಣಿನಿಂದ ಮೆದುಳಿಗೆ ಹೋಗುವ ನರತಂತುಗಳನ್ನು ಒಂದೊಂದಾಗಿ ಪರೀಕ್ಷಿಸಿದರು. ಕೆಲವು ತಂತುಗಳು ಸಣ್ಣದೊಂದು ಕಪ್ಪು ವಸ್ತು ಒಳಬಂದು ಅಲುಗಿದಾಗ ಮಾತ್ರ ಚುರುಕಾಗುತ್ತಿದ್ದವು. ಹಿನ್ನೆಲೆಯ ಹುಲ್ಲುಹೂವಿನ ಚಿತ್ರವನ್ನು ಇಡಿಯಾಗಿ ಸರಿಸಿದರೆ ಅವು ಮೌನ. ಎಂದರೆ, ಕಣ್ಣು ಬರಿಯ ಕನ್ನಡಿಯಲ್ಲ. ಅದು ಕಂಡದ್ದನ್ನೆಲ್ಲ ಒಳಗೆ ಬಿಡದ ಬಾಗಿಲು ಕಾಯುವವನು. ಇದಕ್ಕೊಂದು ಬೆಲೆಯೂ ಉಂಟು. ಸುತ್ತಲೂ ಸತ್ತ ನೊಣಗಳು ಬಿದ್ದಿದ್ದರೂ, ಅವು ಅಲುಗದ ಕಾರಣ, ಕಪ್ಪೆ ಹಸಿದೇ ಸಾಯಬಹುದು.

ಆದರೆ ನೋಡುವ ಪ್ರಾಣಿಯೇ ಚಲಿಸುತ್ತಿದ್ದರೆ? ಹಾರುವ ಹಕ್ಕಿಗೆ ಬೆಟ್ಟ, ಮರ, ಕೆರೆ ಎಲ್ಲವೂ ಹಿಂದಕ್ಕೆ ಓಡುತ್ತವೆ. ಹಕ್ಕಿಯ ನಡುಮೆದುಳಿನ ಮೇಲ್ಭಾಗದಲ್ಲಿ ಟೆಕ್ಟಮ್ ಎಂಬ ಪದರಪದರವಾದ ಒಂದು ಭಾಗವಿದೆ. ಲ್ಯಾಟಿನ್ನಿನಲ್ಲಿ ಆ ಮಾತಿಗೆ ಚಾವಣಿ ಎಂದು ಅರ್ಥ. ನಮ್ಮ ಮೆದುಳಿನಲ್ಲಿಯೂ ಅದರ ಪ್ರತಿರೂಪವುಂಟು. 1983ರಲ್ಲಿ ಫ್ರಾಸ್ಟ್ ಮತ್ತು ನಾಕಾಯಾಮಾ ಎಂಬವರು ಪಾರಿವಾಳದ ಟೆಕ್ಟಮ್ಮಿನಲ್ಲಿ ಒಂದು ಸೊಗಸಾದ ಸಂಗತಿಯನ್ನು ತೋರಿಸಿದರು. ವಸ್ತುವೂ ಹಿನ್ನೆಲೆಯೂ ಒಂದೇ ದಿಕ್ಕಿಗೆ ಸಾಗಿದರೆ ಅಲ್ಲಿಯ ಕೆಲವು ನರಕೋಶಗಳು ಅಡಗುತ್ತವೆ. ವಸ್ತು ಹಿನ್ನೆಲೆಗೆ ಎದುರಾಗಿ ಸಾಗಿದರೆ ಎಚ್ಚರಗೊಳ್ಳುತ್ತವೆ. ಜಾತ್ರೆಯ ಜನವೆಲ್ಲ ತೇರಿನ ಕಡೆಗೆ ನಡೆಯುವಾಗ ಒಬ್ಬನು ಎದುರುಮುಖವಾಗಿ ಬಂದರೆ ನಮ್ಮ ದೃಷ್ಟಿ ಅವನ ಮೇಲೆಯೇ ಬೀಳುವುದಿಲ್ಲವೆ?

ಇನ್ನೂ ಒಂದು ತೊಡಕಿದೆ. ಎದ್ದುಕಾಣುವ ವಸ್ತುಗಳು ಎರಡಿದ್ದರೆ ಯಾವುದನ್ನು ನೋಡುವುದು? ಕಣಜ ಗೂಬೆಯ ಮೇಲೆ ಎರಿಕ್ ನಡ್ಸನ್ ಮತ್ತು ಶ್ರೀಶ್ ಮೈಸೂರ್ ನಡೆಸಿದ ಪ್ರಯೋಗಗಳು ಇದಕ್ಕೆ ಉತ್ತರ ಕೊಟ್ಟವು. ಟೆಕ್ಟಮ್ಮಿನ ಕೆಳಗಿರುವ ಒಂದು ಪುಟ್ಟ ನರಕೋಶಸಮೂಹ ಒಂದೆಡೆಯ ಬಲವಾದ ಸುದ್ದಿಯನ್ನು ಪಡೆದು ಉಳಿದೆಡೆಯ ಸುದ್ದಿಗಳನ್ನು ಅದುಮಿಡುತ್ತದೆ. ಅದನ್ನು ತಾತ್ಕಾಲಿಕವಾಗಿ ನಿಷ್ಕ್ರಿಯಗೊಳಿಸಿದಾಗ ಆ ಸ್ಪರ್ಧೆಯೇ ಇಲ್ಲವಾಯಿತು. ಗಮನ ಎಂಬುದು ಒಂದನ್ನು ಬೆಳಗುವುದಷ್ಟೇ ಅಲ್ಲ, ಹಲವನ್ನು ಮಂಕು ಮಾಡುವುದೂ ಹೌದು.

ಈ ವಿದ್ಯೆಯ ಅತ್ಯಂತ ದೊಡ್ಡ ಪರೀಕ್ಷೆ ನಮ್ಮ ಸೀಮೆಯಲ್ಲೇ ನಡೆಯುತ್ತಿದೆ. 1975ರಲ್ಲಿ ತೆರೆಕಂಡ 'ಶೋಲೆ' ಚಿತ್ರದಿಂದ ದೇಶಕ್ಕೆಲ್ಲ ಪರಿಚಿತವಾದ ರಾಮನಗರದ ಬಂಡೆಗಳ ನಡುವೆ ರಾಮದೇವರ ಬೆಟ್ಟವಿದೆ. ಅಲ್ಲಿಯ ಕಡಿದಾದ ಬಂಡೆಗಳಲ್ಲಿ ಉದ್ದಕೊಕ್ಕಿನ ರಣಹದ್ದುಗಳು ಗೂಡುಕಟ್ಟುತ್ತವೆ. ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ. 2012ರಲ್ಲಿ ಸುಮಾರು 346 ಹೆಕ್ಟೇರುಗಳ ಆ ಪ್ರದೇಶವನ್ನು ರಣಹದ್ದುಗಳ ಧಾಮವೆಂದು ಸಾರಲಾಯಿತು.

ರಣಹದ್ದಿನ ಆಹಾರ ಸತ್ತ ಪ್ರಾಣಿ, ಸತ್ತದ್ದು ಅಲುಗುವುದಿಲ್ಲ. ವಾಸನೆಯಿಂದ ಹುಡುಕುವ ಹಕ್ಕಿಯೂ ಇದಲ್ಲ. ಆದುದರಿಂದ ಅದು ನೆಲದೊಡನೆ ನೆರೆಯವರನ್ನೂ ನೋಡುತ್ತದೆ. ಒಂದು ಹದ್ದು ಹೆಣವನ್ನು ಕಂಡು ಇಳಿಯತೊಡಗಿದರೆ, ದೂರದಲ್ಲಿ ತೇಲುತ್ತಿದ್ದ ಇನ್ನೊಂದು ಅದನ್ನು ಕಂಡು ಅತ್ತ ತಿರುಗುತ್ತದೆ. ಅದನ್ನು ಕಂಡು ಮೂರನೆಯದು. ಮಾಗಡಿಯ ಸಾವನದುರ್ಗದಿಂದ ಕನಕಪುರದ ಕಾಡಿನವರೆಗೂ ಆಕಾಶದಲ್ಲಿ ಕಣ್ಣುಗಳ ಒಂದು ಬಲೆ ಹರಡಿದಂತೆ.

ಆ ಬಲೆ ಹರಿದಿದೆ. 1990ರ ದಶಕದಿಂದ ಈ ಜಾತಿಯ ಹದ್ದುಗಳು ದೇಶದಲ್ಲಿ ಶೇಕಡಾ 95ಕ್ಕೂ ಹೆಚ್ಚು ಅಳಿದವು. ದನಗಳ ನೋವಿಗೆ ಕೊಡುತ್ತಿದ್ದ ಡೈಕ್ಲೋಫಿನಾಕ್ ಔಷಧ, ಹೆಣದ ಮಾಂಸದ ಮೂಲಕ ಹದ್ದುಗಳ ಮೂತ್ರಪಿಂಡವನ್ನು ಕೆಡಿಸಿತೆಂದು 2004ರಲ್ಲಿ ತಿಳಿಯಿತು. 2006ರಲ್ಲಿ ಪಶುಗಳಿಗೆ ಅದರ ಬಳಕೆಯನ್ನು ಭಾರತ ನಿಷೇಧಿಸಿತು. ರಾಮದೇವರ ಬೆಟ್ಟದಲ್ಲಿ ಈಗ ಉಳಿದಿರುವುದು ಬೆರಳೆಣಿಕೆಯಷ್ಟು. ನೋಡಲು ನೆರೆಯ ಹದ್ದೇ ಇಲ್ಲದಿದ್ದರೆ ಕಣ್ಣು ಎಷ್ಟು ಚುರುಕಾಗಿದ್ದರೇನು?

ಅಪಾಯ ಮತ್ತೊಂದುಂಟು. ಇದೇ ಕುಲದ ಹದ್ದುಗಳನ್ನು ಪರೀಕ್ಷಿಸಿ ಗ್ರಹಾಂ ಮಾರ್ಟಿನ್ ಮತ್ತು ಸಂಗಡಿಗರು 2012ರಲ್ಲಿ ತಿಳಿಸಿದ್ದು ಇದು: ಬಿಸಿಲಿನಿಂದ ಕಣ್ಣನ್ನು ಕಾಯುವ ಹುಬ್ಬಿನ ಏಣಿನಿಂದಾಗಿ, ತಲೆ ತಗ್ಗಿಸಿ ನೆಲವನ್ನು ನೋಡುತ್ತ ಹಾರುವಾಗ, ಅವು ಸಾಗುತ್ತಿರುವ ದಿಕ್ಕೇ ಅವುಗಳಿಗೆ ಕಾಣದು. ಲಕ್ಷಾಂತರ ವರ್ಷ ಆಕಾಶದಲ್ಲಿ ಎದುರಿಗೆ ಏನೂ ಇರಲಿಲ್ಲ. ತಂತಿಯನ್ನೂ ಗಾಳಿಯಂತ್ರವನ್ನೂ ತಂದು ನಿಲ್ಲಿಸಿದವರು ನಾವು.

ಕಳೆದ ಸಲ ಬೆಟ್ಟದ ಬುಡದಲ್ಲಿ ಬಹಳ ಹೊತ್ತು ಕಾದು ಕುಳಿತಿದ್ದೆ. ಬಿಸಿಲೇರಿದ ಮೇಲೆ ಬಂಡೆಯ ಅಂಚಿನಿಂದ ಒಂದು ಹದ್ದು ಎದ್ದು, ರೆಕ್ಕೆ ಬಡಿಯದೆ ಸುತ್ತುತ್ತ ಮೇಲೇರಿತು. ಅದರ ಸುತ್ತಮುತ್ತ ಇನ್ನೊಂದು ಚುಕ್ಕೆಯನ್ನು ಹುಡುಕಿದೆ; ಕಾಣಲಿಲ್ಲ. ಅಜ್ಜಿ ಇದ್ದಿದ್ದರೆ ನನ್ನ ಕಣ್ಣನ್ನೇ ದೂರುತ್ತಿದ್ದರು. ದೋಷ ನನ್ನ ಕಣ್ಣಿನದಾಗಿರಲಿ ಎಂದು ಹಾರೈಸಿದೆ. ಹಾರೈಕೆಯಷ್ಟೇ ಸಾಲದು. ಮನೆಯ ದನಕ್ಕೆ ನೋವಿನ ಮದ್ದು ಬೇಕಾದಾಗ, ಹದ್ದುಗಳಿಗೆ ಕೇಡು ಮಾಡದ ಮೆಲಾಕ್ಸಿಕಾಮ್ ಅನ್ನು ಕೊಡಿರೆಂದು ಪಶುವೈದ್ಯರನ್ನು ಕೇಳುವುದು ನಮ್ಮಿಂದ ಆಗುವ ಕೆಲಸ. ಆ ಒಂಟಿ ಹದ್ದಿಗೆ ಮತ್ತೆ ನೋಡಲು ಒಬ್ಬ ನೆರೆಯವ ಸಿಗಲಿ.