ಬ್ಯಾಗ್ ಹೋಯ್ತು, ಅಜ್ಜಿ ದನಿ ಹೋಯ್ತು, ಪ್ರಾರ್ಥನೆ?

(ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಬಸ್ಸಲ್ಲೋ ಮೆಟ್ರೋದಲ್ಲೋ ಇಯರ್‌ಫೋನ್ ಹಾಕ್ಕೊಂಡು ಕೇಳ್ತಾ ಇದ್ರೆ ಮೊದಲು ಒಂದ್ಸಲ ನಿಮ್ಮ ಬ್ಯಾಗ್ ಮುಟ್ಟಿ ನೋಡ್ಕೊಳ್ಳಿ. ಇದೆಯಾ? ಸರಿ, ಶುರು ಮಾಡೋಣ.

ಸಾಮಾನ್ಯವಾಗಿ ಇಲ್ಲಿ ನಾನು ದುಡ್ಡಿನ ವಿಷಯ ಮಾತಾಡ್ತೀನಿ. ಎಸ್‌ಐಪಿ, ಪಿಎಫ್, ಮೊದಲ ಸಂಬಳ ಎಲ್ಲಿ ಕರಗಿಹೋಯ್ತು ಅನ್ನೋದು. ಬಿಕಾಂ ಓದಿದವಳಿಗೆ ಇನ್ನೇನು ಗೊತ್ತಿರುತ್ತೆ ಅಂತ ನೀವೇ ಕಾಲೆಳೀತೀರ. ಇವತ್ತು ಬೇರೆ ವಿಷಯ. ನಾನು ಕ್ರೈಸ್ತಳು, ಮೈಸೂರು ಕಡೆಯ ಕ್ಯಾಥೊಲಿಕ್ ಮನೆಯವಳು. ಅದನ್ನ ಇಲ್ಲಿ ಯಾವತ್ತೂ ಹೇಳಿರಲಿಲ್ಲ, ಹೇಳೋ ಸಂದರ್ಭವೂ ಬಂದಿರಲಿಲ್ಲ. ನಿಮ್ಮದು ಬೇರೆ ನಂಬಿಕೆ ಇರಬಹುದು, ನಂಬಿಕೆಯೇ ಇಲ್ಲದೆ ಇರಬಹುದು. ಪರವಾಗಿಲ್ಲ, ಕೇಳಿ. ಕಳ್ಳತನ ಎಲ್ಲರಿಗೂ ಆಗುತ್ತೆ.

ಹೋದ ವರ್ಷ ಆಗಸ್ಟ್ ಕೊನೇಲಿ ಅಮ್ಮನ ಜೊತೆ ವೇಲಾಂಕಣಿಗೆ ಹೊರಟಿದ್ದೆ. ತಮಿಳುನಾಡಿನ ನಾಗಪಟ್ಟಣಂ ಜಿಲ್ಲೆ, ಸಮುದ್ರದ ದಡದಲ್ಲಿರೋ ಆರೋಗ್ಯ ಮಾತೆಯ ಬೆಸಿಲಿಕಾ. ಆಗಸ್ಟ್ 29ಕ್ಕೆ ಧ್ವಜ ಏರಿದರೆ ಸೆಪ್ಟೆಂಬರ್ 8ರವರೆಗೆ ಹಬ್ಬ. ಕಾವಿ ಬಟ್ಟೆ ಹಾಕ್ಕೊಂಡು ನಡ್ಕೊಂಡೇ ಹೋಗೋರು ಸಾವಿರಾರು ಜನ. ನಾವು ಅಷ್ಟು ಗಟ್ಟಿಗರಲ್ಲ, ರಾತ್ರಿ ರೈಲು, ಸ್ಲೀಪರ್ ಕೋಚ್.

ಬ್ಯಾಗನ್ನ ತಲೆದಿಂಬಿನ ಹಾಗೆ ಇಟ್ಕೊಂಡು ಮಲಗಿದ್ದೆ. ಸೆಖೆಗೆ ಯಾವಾಗಲೋ ಮಗ್ಗುಲು ಬದಲಾಯಿಸಿದ್ದೀನಿ. ನಾಲ್ಕು ಗಂಟೆಗೆ ಎಚ್ಚರ ಆದಾಗ ತಲೆ ಕೆಳಗೆ ಬರೀ ಶಾಲು. ಅಮ್ಮನ ಕೈಚೀಲವೂ ಇಲ್ಲ. ನಂಬ್ತೀರೋ ಇಲ್ವೋ, ಅಮ್ಮನ ಚಪ್ಪಲಿಯೂ ಇಲ್ಲ.

ಏನೇನು ಹೋಯ್ತು? ಪೊಲೀಸರು ಪಟ್ಟಿ ಮಾಡಿ ಅಂದ್ರು, ಮಾಡಿದೆ. ಲ್ಯಾಪ್‌ಟಾಪ್, ಇಬ್ಬರ ಫೋನು, ರೆಕಾರ್ಡರ್, ಎರಡು ಎಟಿಎಂ ಕಾರ್ಡು, ಏಳು ಸಾವಿರ ಚಿಲ್ಲರೆ ನಗದು, ಒಂದು ಜಪಸರ. ಜಪಸರ ಅಂದ್ರೆ ಏನು ಅಂತ ಬರ್ಕೊಳ್ತಿದ್ದ ಕಾನ್‌ಸ್ಟೆಬಲ್ ಕೇಳಿದ್ರು. ಮಣಿಸರ ಅಂದೆ. ಚಿನ್ನದ್ದಾ? ಅಲ್ಲ ಸರ್, ಮರದ್ದು. ಬೆಲೆ? ಸುಮ್ಮನೆ ನಿಂತೆ. ಅವರೇ ಪಾಪ 'ನೂರು ರೂಪಾಯಿ' ಅಂತ ಬರ್ಕೊಂಡ್ರು.

ಆ ಜಪಸರ ನಮ್ಮಜ್ಜಿದು. ಮಣಿಗಳೆಲ್ಲ ಸವೆದು ಒಂದೊಂದು ಒಂದೊಂದು ಗಾತ್ರ ಆಗಿಬಿಟ್ಟಿತ್ತು. ಅದು ಹೋಗಿದ್ದೂ ತಡ್ಕೋಬಹುದಿತ್ತು. ಆದರೆ ರೆಕಾರ್ಡರ್ ಒಳಗೆ ಅಜ್ಜಿ ಇದ್ರು. ತೀರ್ಕೊಳ್ಳೋ ಎರಡು ತಿಂಗಳು ಮುಂಚೆ ಜಗುಲಿ ಮೇಲೆ ಕೂರಿಸಿ 40 ನಿಮಿಷ ಮಾತಾಡಿಸಿದ್ದೆ. ಮದುವೆಗೆ ಎತ್ತಿನ ಗಾಡೀಲಿ ಬಂದಿದ್ದು, ಮಳೆ ಬರದ ವರ್ಷ ಹುರುಳಿ ತಿಂದು ಬದುಕಿದ್ದು, ಮಧ್ಯದಲ್ಲಿ ಕೋಳಿ ಓಡಿಸಿದ್ದು ಎಲ್ಲ ಅದರಲ್ಲಿತ್ತು. ಎಡಿಟ್ ಮಾಡೋಕೆ ಅಂತ ಲ್ಯಾಪ್‌ಟಾಪಿಗೂ ಹಾಕಿದ್ದೆ. ಲ್ಯಾಪ್‌ಟಾಪೂ ಅದೇ ಬ್ಯಾಗಲ್ಲಿ! ವಾರಕ್ಕೊಂದ್ಸಲ ನಿಮಗೆ 'ಎಲ್ಲಾ ಮೊಟ್ಟೆ ಒಂದೇ ಬುಟ್ಟೀಲಿ ಇಡಬೇಡಿ' ಅಂತ ಪಾಠ ಹೇಳೋಳು ನಾನೇ. ಬೈಕೊಳ್ಳಿ, ನಾನು ಸಾಕಷ್ಟು ಬೈಕೊಂಡಿದ್ದೀನಿ.

ಉಪಯೋಗಕ್ಕೆ ಬರೋ ಮಾತು ಎರಡೇ ನಿಮಿಷ ಹೇಳಿಬಿಡ್ತೀನಿ. ರೈಲಲ್ಲಿ ಕಳ್ಳತನ ಆದ್ರೆ 139ಕ್ಕೆ ಕರೆ ಮಾಡಿ ಅಥವಾ ರೈಲ್‌ಮದದ್ ಆ್ಯಪಲ್ಲಿ ಹಾಕಿ. ಎಫ್‌ಐಆರ್ ಫಾರಂ ಟಿಟಿಇ ಹತ್ತಿರವೇ ಸಿಗುತ್ತೆ, ಇಳಿದು ರೈಲು ಬಿಡಬೇಕಾಗಿಲ್ಲ. ಕಳವು ಯಾವ ಊರಿನ ವ್ಯಾಪ್ತೀಲಿ ಆಯ್ತು ಅಂತ ಗೊತ್ತಿಲ್ಲದಿದ್ರೂ ಝೀರೋ ಎಫ್‌ಐಆರ್ ಆಗುತ್ತೆ. ಫೋನಿನ ಐಎಂಇಐ ನಂಬರನ್ನ ಸಂಚಾರ್ ಸಾಥಿಯಲ್ಲಿ ಬ್ಲಾಕ್ ಮಾಡಿ. ಇನ್ನೊಂದು, ನಿಮ್ಮ ಕೈಯಲ್ಲಿರೋ ಲಗೇಜಿಗೆ ನೀವೇ ಜವಾಬ್ದಾರಿ. ಸಿಬ್ಬಂದಿ ತಪ್ಪು ಅಂತ ಸಾಬೀತು ಮಾಡದಿದ್ರೆ ರೈಲ್ವೆಯಿಂದ ಪರಿಹಾರ ಸಿಗಲ್ಲ. 2023ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದೇ ಅರ್ಥದ ತೀರ್ಪು ಕೊಟ್ಟಿದೆ. ಆಯ್ತಾ? ಮುಂದೆ.

ಅದೇ ಬೋಗೀಲಿ ಎದುರು ಸೀಟಲ್ಲಿ ಬುರ್ಖಾ ಹಾಕ್ಕೊಂಡಿದ್ದ ಒಬ್ಬ ವಯಸ್ಸಾದ ತಾಯಿ ಇದ್ರು. ವೇಲಾಂಕಣಿ ಹತ್ತಿರವೇ ನಾಗೂರು ದರ್ಗಾ ಇದೆ, ಅಲ್ಲಿಗೆ ಹೊರಟಿದ್ರು. ಅಮ್ಮ ಬಿಕ್ಕಿಬಿಕ್ಕಿ ಅಳ್ತಾ ಇದ್ರೆ ಅವರು ಬಂದು ಪಕ್ಕದಲ್ಲಿ ಕೂತ್ಕೊಂಡ್ರು. ಅವರದು ತಮಿಳು, ಅಮ್ಮನದು ಕನ್ನಡ. ತಮ್ಮ ಫೋನ್ ನನ್ನ ಕೈಗೆ ಕೊಟ್ಟು 'ಮೊದಲು ಬ್ಯಾಂಕಿಗೆ ಮಾಡು' ಅಂತ ಸನ್ನೆ ಮಾಡಿದ್ರು. ಇಡ್ಲಿ ಬಂತು, ನಮಗೂ ತೆಗೆಸಿಕೊಟ್ರು. ತಮ್ಮ ಚೀಲದಿಂದ ಒಂದು ಜೊತೆ ರಬ್ಬರ್ ಚಪ್ಪಲಿ ತೆಗೆದು ಅಮ್ಮನ ಕಾಲ ಹತ್ರ ಇಟ್ರು. ಇಳಿಯೋವಾಗ 500ರ ಒಂದು ನೋಟು. 'ಬೇಡ ಅಕ್ಕ' ಅಂದ್ರೆ ಅಮ್ಮನ ಬೆರಳು ಮಡಿಸಿ ಮುಷ್ಟಿ ಮಾಡಿಬಿಟ್ರು. ವಾಪಸ್ ಕೊಡೋಕೆ ನಂಬರ್ ಕೇಳಿದೆ, ಕೈ ಮೇಲೆತ್ತಿ ತೋರಿಸಿ ನಕ್ಕು ಹೋದ್ರು.

ನಿಜ ಹೇಳ್ಬೇಕಂದ್ರೆ ಅವತ್ತು ನಾನು ಅದನ್ನ ಗಮನಿಸಲೇ ಇಲ್ಲ. ಕೋಪ ಅಷ್ಟಿತ್ತು. ಕಳ್ಳನ ಮೇಲೆ ಅರ್ಧ, ಮಿಕ್ಕ ಅರ್ಧ ದೇವರ ಮೇಲೆ. ನಿನ್ನ ತಾಯಿಯನ್ನ ನೋಡೋಕೆ ತಾನೇ ಬರ್ತಿದ್ದೆ, ಒಂದು ರಾತ್ರಿ ಕಾಯೋಕೆ ಆಗಲಿಲ್ವಾ?

ವೇಲಾಂಕಣಿಯಲ್ಲಿ ಒಂದು ಕೊಳ ಇದೆ, ಮಾತೆಯ ಕೊಳ. ಅದರ ಕಥೆ ಅಜ್ಜಿ ಎಷ್ಟು ಸಲ ಹೇಳಿದ್ರೋ. ಹಾಲು ಹೊತ್ಕೊಂಡು ಯಜಮಾನನ ಮನೆಗೆ ಹೊರಟಿದ್ದ ಹುಡುಗ ಕೊಳದ ಹತ್ರ ದಣಿವಾರಿಸಿಕೊಳ್ತಾನೆ. ಮಗು ಎತ್ಕೊಂಡ ತಾಯಿಯೊಬ್ಬಳು ಕಂಡು, ಮಗುವಿಗೆ ಹಾಲು ಕೇಳ್ತಾಳೆ. ಕೊಡ್ತಾನೆ. ಹಾಲು ಕಮ್ಮಿ ಆಯ್ತಲ್ಲ ಅಂತ ಹೆದರ್ಕೊಂಡು ಹೋಗಿ ಯಜಮಾನನ ಎದುರು ಕ್ಷಮೆ ಕೇಳಿ ಮುಚ್ಚಳ ತೆಗೆದ್ರೆ ಗಡಿಗೆ ತುಂಬಿ ಹರೀತಿದೆ. ಆ ಕೊಳದ ಹತ್ರ ನಿಂತು ನನಗೆ ಅನ್ಸಿದ್ದು ಇಷ್ಟೇ: ಅವನ ಗಡಿಗೆ ತುಂಬ್ತು, ನನ್ನ ಬ್ಯಾಗ್ ಯಾಕೆ ಬರಲಿಲ್ಲ?

ಊರಿಗೆ ಬಂದ್ಮೇಲೆ ಸಂತ ಅಂತೋಣಿಯವರ ಸರದಿ. ಕಳೆದುಹೋದ ವಸ್ತು ಹುಡುಕಿಕೊಡೋ ಸಂತರು ಅಂತ ನಮ್ಮಲ್ಲಿ ನಂಬಿಕೆ. ಅವರದೇ ಕೀರ್ತನೆ ಪುಸ್ತಕವನ್ನ ಮಠದ ಒಬ್ಬ ಹುಡುಗ ಕದ್ದುಕೊಂಡು ಹೋಗಿ, ಇವರು ಪ್ರಾರ್ಥಿಸಿದ ಮೇಲೆ ವಾಪಸ್ ತಂದುಕೊಟ್ಟ ಅನ್ನೋ ಕಥೆ ಇದೆ. ಡೋರ್ನಹಳ್ಳಿಯ ಬೆಸಿಲಿಕಾ ಇವರದೇ. ಒಂಬತ್ತು ಮಂಗಳವಾರ ಹೋದೆ. ರೆಕಾರ್ಡರ್ ಬಂದ್ರೆ ಇಷ್ಟು ಕಾಣಿಕೆ ಅಂತ ಮನಸ್ಸಲ್ಲೇ ಮೊತ್ತವೂ ಹೇಳಿದ್ದೆ. ಬರಲಿಲ್ಲ. ಇವತ್ತಿಗೂ ಬಂದಿಲ್ಲ.

ಈ ಮಧ್ಯೆ ಸಮಾಧಾನ ಹೇಳೋರ ಕಾಟ. ಮತ್ತಾಯನ ಶುಭಸಂದೇಶದ 6ನೇ ಅಧ್ಯಾಯದಲ್ಲಿ ಭೂಮಿ ಮೇಲೆ ಆಸ್ತಿ ಕೂಡಿಡಬೇಡಿ, ಕಳ್ಳರು ಕದೀತಾರೆ ಅನ್ನೋ ಅರ್ಥದ ಮಾತಿದೆ. ಅದನ್ನ ನನಗೆ ಕನಿಷ್ಠ ಆರು ಜನ ವಾಟ್ಸಾಪ್ ಮಾಡಿದ್ರು. ಅಲ್ಲ, ಅಜ್ಜಿ ದನಿ ಆಸ್ತಿನಾ? ಆ ಮಾತು ಯೇಸು ಹೇಳಿದ್ದು ಕೂಡಿಡೋರಿಗೆ, ಕಳ್ಕೊಂಡು ಕೂತೋರ ಬಾಯಿ ಮುಚ್ಚಿಸೋಕಲ್ಲ. ಇದು ನನ್ನ ಅಭಿಪ್ರಾಯ, ಗುರುಗಳು ಒಪ್ಪದೇ ಇರಬಹುದು. ಎರಡು ತಿಂಗಳು ಬಲಿಪೂಜೆಗೆ ಹೋಗಲಿಲ್ಲ. ಅಮ್ಮ ಏನೂ ಅನ್ನಲಿಲ್ಲ. ಭಾನುವಾರ ಬೆಳಗ್ಗೆ ಆ ರಬ್ಬರ್ ಚಪ್ಪಲಿ ಹಾಕ್ಕೊಂಡು ಒಬ್ಬರೇ ಹೋಗೋರು.

ಆ ಚಪ್ಪಲೀನ ಬಾಗಿಲಲ್ಲಿ ನೋಡ್ತಾ ನೋಡ್ತಾ ಒಂದಿನ ಲೂಕನ 10ನೇ ಅಧ್ಯಾಯ ತೆಗೆದೆ. ಸಮಾರಿಯದವನ ಕಥೆ ನಿಮಗೂ ಗೊತ್ತಿರಬಹುದು. ಜೆರುಸಲೇಮಿನಿಂದ ಜೆರಿಕೋಗೆ ಇಳಿಯೋ ದಾರೀಲಿ ಒಬ್ಬನನ್ನ ಕಳ್ಳರು ದೋಚಿ, ಬಟ್ಟೆ ಕಿತ್ಕೊಂಡು, ಹೊಡೆದು ಬಿಟ್ಟು ಹೋಗ್ತಾರೆ. ಯಾಜಕ ನೋಡ್ಕೊಂಡು ಹೋಗ್ತಾನೆ, ಲೇವಿಯವನೂ ಹೋಗ್ತಾನೆ. ಯೆಹೂದ್ಯರಿಗೆ ಆಗದ ಸಮಾರಿಯದವನು ಮಾತ್ರ ನಿಲ್ತಾನೆ. ಚಿಕ್ಕಂದಿನಿಂದ ನಾನು ಈ ಕಥೆ ಕೇಳಿರೋದು ಸಮಾರಿಯದವನ ಜಾಗದಲ್ಲಿ ನಿಂತೇ. ನೀವೂ ಹಾಗಿರಿ ಅಂತ ತಾನೇ ಪ್ರಸಂಗ ಮಾಡೋದು. ದಾರೀಲಿ ಬಿದ್ದಿದ್ದವನ ಜಾಗದಲ್ಲಿ ಕೂತು ಓದಿದ್ದು ಅವತ್ತೇ ಮೊದಲು. ಇದು ಪ್ರಯಾಣದಲ್ಲಿ ಕಳ್ಳತನ ಆದವನ ಕಥೆ ಕಣ್ರೀ! ಇಷ್ಟು ವರ್ಷ ನನಗದು ಹೊಳೆದೇ ಇರಲಿಲ್ಲ.

ಅವನ ವಸ್ತು ವಾಪಸ್ ಬಂತಾ? ಕಥೇಲಿ ಇಲ್ಲ. ಕಳ್ಳರು ಸಿಕ್ಕಿದ್ರಾ? ಇಲ್ಲ. ಸಿಕ್ಕಿದ್ದು ಎಣ್ಣೆ, ದ್ರಾಕ್ಷಾರಸ, ಗಾಯಕ್ಕೆ ಪಟ್ಟಿ, ಸವಾರಿಗೆ ಪ್ರಾಣಿ, ಛತ್ರದಲ್ಲಿ ಮಲಗೋಕೆ ಜಾಗ, ಛತ್ರದವನ ಕೈಗೆ ಎರಡು ದೆನಾರಿ. ಒಂದು ದೆನಾರಿ ಅಂದ್ರೆ ಆಗಿನ ಒಂದು ದಿನದ ಕೂಲಿ. ನಾನು ಒಂಬತ್ತು ಮಂಗಳವಾರ ರೆಕಾರ್ಡರಿಗೆ ಕಾಯ್ತಾ ಕೂತಿದ್ದೆ. ಇಡ್ಲಿ, ಚಪ್ಪಲಿ, 500ರ ನೋಟು ಮೊದಲ ದಿನವೇ ಬಂದುಬಿಟ್ಟಿತ್ತು.

ಇದರಿಂದ ನಷ್ಟ ತುಂಬ್ತು ಅಂತ ಮಾತ್ರ ಹೇಳ್ಬೇಡಿ, ತುಂಬಿಲ್ಲ. ಅಜ್ಜಿ ಕೋಳಿ ಓಡಿಸೋ ದನಿ ಎಷ್ಟು ಇಡ್ಲಿಗೂ ಸಮ ಅಲ್ಲ. ಆದರೆ ದೇವರು ಆ ಬೋಗೀಲಿ ಇರಲೇ ಇಲ್ಲ ಅಂತ ಹೇಳೋಕೆ ನನಗೆ ಬಾಯಿ ಬರ್ತಿಲ್ಲ. ನನ್ನ ನಂಬಿಕೆ ಈಗ ಅಷ್ಟರ ಮೇಲೆ ನಿಂತಿದೆ.

ಕಳ್ಳನನ್ನ ಕ್ಷಮಿಸಿದ್ಯಾ ಅಂತ ಅಮ್ಮ ಕೇಳಿದ್ರು. ಯೇಸು ಕಲಿಸಿದ ಪ್ರಾರ್ಥನೆ ದಿನಾ ಹೇಳ್ತೀವಲ್ಲ, ಮತ್ತಾಯನ ಗ್ರೀಕ್ ಮೂಲದಲ್ಲಿ ಅಲ್ಲಿರೋ ಪದದ ಅರ್ಥ 'ಸಾಲ'. ಇದನ್ನ ಓದಿದಾಗ ನನ್ನ ಬಿಕಾಂ ಕೊನೆಗೂ ಕೆಲಸಕ್ಕೆ ಬಂತು. ವಸೂಲಾಗದ ಸಾಲವನ್ನ ರೈಟ್ ಆಫ್ ಮಾಡ್ತೀವಿ. ಹಾಗಂತ ಸಾಲ ಕೊಟ್ಟೇ ಇರಲಿಲ್ಲ ಅಂತ ಆಗಲ್ಲ. ಪುಸ್ತಕದಲ್ಲಿ ನಷ್ಟ ಅಂತಲೇ ಬರೀಬೇಕು, ನನ್ನ ಲಾಭದಿಂದಲೇ ಕಳೀಬೇಕು. ಅವನ ಹಿಂದೆ ಓಡೋದನ್ನ ಮಾತ್ರ ನಿಲ್ಲಿಸ್ತೀವಿ. ಒಂದೊಂದು ರಾತ್ರಿ ಆ ಎಂಟ್ರಿ ಹಾಕ್ತೀನಿ, ಬೆಳಗ್ಗೆ ಎದ್ದು ಅಳಿಸಿ ಮತ್ತೆ ಬಾಕಿ ಅಂತ ಬರೀತೀನಿ. ಎಫ್‌ಐಆರ್ ಅಂತೂ ವಾಪಸ್ ತಗೊಂಡಿಲ್ಲ, ತಗೊಳ್ಳೋದೂ ಇಲ್ಲ.

ಅಂದ ಹಾಗೆ ಚಿಕ್ಕಮ್ಮನ ಫೋನಲ್ಲಿ ಅಜ್ಜಿಯ ಒಂದು ವಾಯ್ಸ್ ನೋಟ್ ಸಿಕ್ತು, 11 ಸೆಕೆಂಡಿಂದು. 'ಮಗಾ, ಬರೋವಾಗ ವೀಳ್ಯದೆಲೆ ತಕ್ಕೊಂಡ್ ಬಾ, ಎಳೇದು ನೋಡಿ ತತ್ತಾ' ಅಂತ. ಇದನ್ನ ಮೂರು ಕಡೆ ಬ್ಯಾಕಪ್ ಮಾಡಿದ್ದೀನಿ. ನಿಮಗೆ ಕೇಳಿಸೋಣ ಅನ್ಕೊಂಡಿದ್ದೆ, ಯಾಕೋ ಬೇಡ ಅನ್ನಿಸ್ತು.

ಈ ಸಲದ ಹಬ್ಬಕ್ಕೆ ಅದೇ ರೈಲಿಗೆ ಟಿಕೆಟ್ ಆಗಿದೆ. ಅಮ್ಮ ಹೊಸ ರಬ್ಬರ್ ಚಪ್ಪಲಿ ಒಂದು ಜೊತೆ ಹೆಚ್ಚಿಗೆ ತಂದಿಟ್ಕೊಂಡಿದ್ದಾರೆ, ಯಾರಿಗಾದ್ರೂ ಬೇಕಾಗಬಹುದು ಅಂತ. ನಾನು ಬ್ಯಾಗಿಗೆ ಚೈನು, ಬೀಗ ತಂದಿದ್ದೀನಿ. ಮುಂದಿನ ವಾರ ಸಿಗೋಣ.